ಕುಂಚದ ಹದ

ಸಾತ್ ರಸ್ತಾದಾಗ ಸೈಕಲ್ ಇಳದು
ರೇಲ್ವೆ ಲೈನ್ಸಿನ ನೆರಳಿಗೆ ನಡಕೋತ ಹೊಂಟೆ.
ಇಲ್ಲಿ ಸೈಕಲ್ ಮ್ಯಾಲ ಹೋದ್ರ ವಾಚ್‌ಮನ್ನರು
ಹಾಲಿನಾಂವ ಅಂದು ಗೇಟ್ ತೆಗೀತಾರ.

ಮೂವತ್ತೊಂದು ವರ್ಷ ಸೊಲ್ಲಾಪುರದ ಬೋರ್ಡು ಬರದಾಂವ ನಾನು.
ಚಾದರದಂಗಡಿ, ದವಾಖಾನಿ, ವಕೀಲರ ಹೆಸರು,
ಗ್ವಾಡಿಗೆ ಗ್ವಾಡಿಗೆ ಇಲ್ಲಿ ಉಗುಳಬ್ಯಾಡ್ರಿ.
ಈ ಓಣ್ಯಾಗ ಈಗ ನನ್ನ ಒಂದ ಅಕ್ಷರ ಉಳದಿಲ್ಲ.
ಎಲ್ಲಾ ಹಿತ್ತಾಳಿ, ಇಲ್ಲಾಂದ್ರ ಒಳಗ ದೀಪ ಹಚ್ಚಿದ ಪ್ಲಾಸ್ಟಿಕ್ಕು.
ಕಿವ್ಯಾಗ ಹೇಳಿದಂಗ ಸಣ್ಣ ಸಣ್ಣ ಅಕ್ಷರ.
ಅಂಗಡಿ ಎಷ್ಟು ದೊಡ್ಡದೋ ಹೆಸರು ಅಷ್ಟು ಸಣ್ಣದು.

ಗಾಜಿನ ಹಿಂದ ಒಂದ ಸೀರಿ.
ಇಡೀ ಅಂಗಡ್ಯಾಗ ಒಂದ.
ಬೆಲಿ ಚೀಟಿ ಇಲ್ಲ. ಬೆಲಿ ಕೇಳವರು ಇಲ್ಲಿ ಬರೂದಿಲ್ಲಂತ.
ಮಗ್ಗಲಕ ನಾಯಿಗೋಳ ಕಟಿಂಗ್ ಅಂಗಡಿ.
ಬಿಳಿ ನಾಯಿಯೊಂದು ಬಿಸಿ ಗಾಳಿಗೆ ಕಣ್ಣು ಮುಚ್ಚಿ
ಹೋಳಿಗಿ ಉಂಡ ನಮ್ಮ ಮಾವನಂಗ ಕೂತಿತ್ತು.

ಕೆಫೆದಾಗ ಮೃಣ್ಮಯಿ ಮೇಡಂ ಆಳೆತ್ತರದ ಕರೀ ಹಲಗಿ ತೋರಿಸಿದ್ಲು.
ಕೈಲೇ ಬರೀರಿ ಕಾಕಾ, ಬೇಕಂತನ ಸ್ವಲ್ಪ ಸೊಟ್ಟ ಇರಲಿ.
ನೂಲು ಹಿಡದು ಗೆರಿ ಎಳದು ಎಳದು
ನೆಟ್ಟಗಾದ ಕೈ ಇದು,
ಸೊಟ್ಟ ಬರೀಲಿಕ್ಕೆ ಅರ್ಧಾ ತಾಸು ಕಲತೆ.

ಇಂಗ್ಲಿಷ್ ನಾ ಬರಿಯಾಂಗಿಲ್ಲ, ತೆಗೀತೀನಿ,
ಕುದುರಿ ತೆಗದಂಗ, ಕಮಲ ತೆಗದಂಗ.
ಅದರಾಗ ಒಂದು ಸಾಲು ಏನಂತ ವೇಟರ್ ಹುಡುಗ ಹೇಳಿದ:
ಹುಳಿ ಬ್ರೆಡ್ಡಿಗೆ ಹಚ್ಚಿದ ಶೇಂಗಾ ಹಿಂಡಿ.
ಎರಡ ನೂರಾ ಎಂಬತ್ತು.
ಕೈಯೇನು ನಡಗಲಿಲ್ಲ.
ಸೊನ್ನಿ ಮಾತ್ರ ಸ್ವಲ್ಪ ಸಣ್ಣದಾತು.

ಕುಂಚದ ಹದಾ ನೋಡಲಿಕ್ಕೆ ಹಲಗಿ ಮೂಲ್ಯಾಗ
ಮೊದಲ ಒಂದು ಳ ಬರದಿದ್ದೆ.
ಎಲ್ಲಿ ಹೋದ್ರೂ ಬರೀತೀನಿ, ಆಮ್ಯಾಲ ಅಳಸತೀನಿ.
ಬಾಳಿವೇಸಿನ ಕನ್ನಡ ಸಾಲ್ಯಾಗ ಅಡಿವೆಪ್ಪ ಮಾಸ್ತರು ಅಂತಿದ್ರು,
ಳ ತಿರುವಿದ ಕೈಗೆ ಯಾವ ಅಕ್ಷರಾನೂ ಹೆದರತದಲೇ.

ಒರಸಾಕ ಅರಿವಿ ತಗೊಂಡೆ. ಮೇಡಂ ಕೈ ಹಿಡದ್ಲು.
ಹೇ ಕಾಯ್, ಕಾಕಾ? ಗೋಗಲ್‌ಗಾಯ್?
ಬಸವನಹುಳಾನ ಅಂದೆ. ಮತ್ತೇನಂತ ಹೇಳಲಿ.
ಪುಸೂ ನಕಾ, ಕಿತೀ ಛಾನ್ ಆಹೇ!
ಹಂಗಾಗಿ ಅದು ಉಳೀತು.
ಅದರ ಮುಂದ ನಿಂತು ಹುಡುಗ್ಯಾರು ಫೋಟೋ ತಕ್ಕೋತಾರ,
ಗಲ್ಲಾ ಉಬ್ಬಿಸಿ, ಎರಡು ಬೆರಳು ಎತ್ತಿ.

ಮುಂದಿನ ಸೋಮಾರ ಮತ್ತ ಫೋನು.
ಕಾಕಾ, ನಾಕು ಮೇಜಿನ ಮ್ಯಾಲೂ ಅಂಥಾದ್ದ ಡಿಜೈನು ಬೇಕು,
ಆದ್ರ ಒಂದರಂಗ ಒಂದು ಇರಬಾರದು.
ರಾತ್ರಿ ಕೆಫೆ ಮುಚ್ಚಿದ ಮ್ಯಾಲ ಕುಂತೆ.
ಬಾಗಿಲ ಹತ್ತಿರದ್ದಕ್ಕ ಮ.
ಗೋಡಿಗಿದ್ದದ್ದಕ್ಕ ಹಾ.
ಎಸಿ ಕೆಳಗಿನ ತಂಪು ಮೇಜಿಗೆ ನಂ.
ಕೈ ತೊಳ್ಯೂ ಕಡೆ ದಾ.
ಎಲ್ಲಾ ಒಂದ ಮನಿತನದ್ದು ಕಾಣತಾವ, ಅಂದ್ಲು ಮೇಡಂ.
ಹೌದ್ರಿ ಅಂದೆ. ರೊಕ್ಕ ಎಣಿಸಿ ಕೊಟ್ಲು.

ಈಗ ಆ ಓಣಿ ಹಾದ್ರ ಗಾಜಿನ್ಯಾಗ ಹಣಿಕಿ ಹಾಕತೀನಿ.
ನಂ ಮ್ಯಾಲ ಹೊಸಾ ಜೋಡಿ ಕೂತಿರತದ, ಮಾತಿಲ್ಲ, ಮೊಬೈಲು.
ಯಾರದರ ಹುಟ್ಟಿದ ಹಬ್ಬಿದ್ರ ಮೇಜು ಕೂಡಸತಾರ,
ಆಗ ಅದು ದಾನಂಮಹಾ, ಹಾದಾಮನಂ, ಏನೇನರ.
ಒಮ್ಮಿ ಮಾತ್ರ, ವೇಟರ್ ಹುಡುಗ ಗೊತ್ತಿಲ್ಲದ
ಎಳದು ಎಳದು ಸರೀ ಸಾಲಿಗೆ ಹಚ್ಚಿದ್ದ.
ಹಾರ್ನ್ ಹೊಡದ್ರೂ ನಾ ಸರೀಲಿಲ್ಲ.

ರಾತ್ರಿ ಮಹಾನಂದಾಗ ಎಲ್ಲಾ ಹೇಳಿದೆ.
ಒಳ್ಳಿನ್ಯಾಗ ಶೇಂಗಾ ಕುಟ್ಟಾಕತ್ತಿದ್ಲು, ನಿಲ್ಲಸಲಿಲ್ಲ.
ಎಣ್ಣಿ ಬಿಡೂ ಹೊತ್ತಿಗೆ ಒಂದ ಮಾತು ಕೇಳಿದ್ಲು:
ಮೇಜು ಒರಸೂ ಅರಿವಿ
ಸ್ವಚ್ಛ ಇರತದೇನು?