ಹದಿನೇಳು, ಮತ್ತೊಂದು

ಪುಣೆ, ಮಂಗಳವಾರ ಪೇಠ, ಜೂನಾ ಬಜಾರದ ಹಿಂದಿನ ಗಲ್ಲಿ.
ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲ್ ತುಳದು
ಸಾಣಿಕಲ್ಲು ತಿರುಗಸೂದು ನನ್ನ ಕೆಲಸ.
ಮೌಲಾಸಾಬ ಶಿಕಲಗಾರ. ಊರು ಜತ್ತ.
ಮುತ್ಯಾ ತಲವಾರಿಗೆ ಹೊಳಪ ಕೊಡ್ತಿದ್ದ,
ಅಪ್ಪ ಕುಡಗೋಲಿಗೆ,
ನನ್ನ ಪಾಲಿಗೆ ಉಳದದ್ದು ಉಳ್ಳಾಗಡ್ಡಿ ಹೆಚ್ಚೂ ಚಾಕು.

ಸಾಳವೆ ಸಿಸ್ಟರ್ ಬಂದ್ಳು, ರಾತ್ರಿ ಡ್ಯೂಟಿ ಮುಗಿಸಿ,
ಕಣ್ಣಾಗ ಇನ್ನೂ ವಾರ್ಡಿನ ಟ್ಯೂಬ್‌ಲೈಟು.
ಹಳೇ ದುಪಟ್ಟಾದಾಗ ಸುತ್ತಿದ ಹದಿನೇಳು ಚಾಕು,
ಇಡೀ ಚಾಳಿನ ಅಡಗಿಮನಿ ಬಳಕೊಂಡು ತಂದಂಗ.
"ಹರಿತ ಮಾಡು ಚಾಚಾ, ಆದ್ರ ತುದಿ ತಗದುಬಿಡು.
ಹೆಬ್ಬೆರಳಿನಂಗ ಗುಂಡಗಾಗ್ಲಿ."

ನಕ್ಕೆ. ನಲವತ್ತು ವರ್ಷದಾಗ
ಚಾಕುವಿನ ಮೂಗು ಕೊಯ್ಯಂತ ಯಾರೂ ಹೇಳಿದ್ದಿಲ್ಲ.

ಆಕಿ ನಗಲಿಲ್ಲ.
"ಕೊಯ್ದ ಗಾಯ ಬಾಯಿ ತಕ್ಕೊಂಡು ಬರ್ತದ,
ಎಲ್ಲಿ ಹೊಲಿಬೇಕಂತ ತಾನ ತೋರಸ್ತದ.
ಇರದದ್ದು ಹಂಗಲ್ಲ. ಮ್ಯಾಲ ಅಂಗಿ ಕಾಜಿನಷ್ಟು,
ಒಳಗ ಎಲ್ಲೆಲ್ಲಿ ಹೋಗೇದ ನಮಗ ತಿಳಿಯೂದ್ರಾಗ..."
ಮಾತು ಅಲ್ಲೇ ಬಿಟ್ಟು
ಮಾಸ್ಕ್ ಮಡಚಿ ಪರ್ಸಿನ್ಯಾಗ ಇಟ್ಕೊಂಡ್ಳು.

ನಾನೂ ಸುಮ್ಮನಿರಲಿಲ್ಲ.
ಕೊಲ್ಲಾವ್ಗ ಸ್ಕ್ರೂಡ್ರೈವರ್ ಇಲ್ಲೇನು, ಕಲ್ಲಿಲ್ಲೇನು,
ಈ ಬಜಾರದಾಗ ಐವತ್ತು ರೂಪಾಯಿಗೆ
ಎಂಥಾದ್ ಬೇಕು ಅಂಥಾದ್ ಸಿಗ್ತದಲ್ಲವಾ ಬಾಯಿ.
"ಹುಡಿಕ್ಕೊಂತ ಹೋಗಾವನ ಮಾತಲ್ಲ," ಅಂದ್ಳು,
"ಪಲ್ಯಾಕ ಉಪ್ಪಿಲ್ಲಂತ ತಾಟು ಒಗದು ಎದ್ದಾವನ ಮಾತು.
ಅವ ಬಜಾರಕ್ಕ ಹೋಗೂದಿಲ್ಲ.
ಕೈ ಚಾಚಿದಾಗ ಕಟ್ಟಿ ಮ್ಯಾಲ ಏನಿರ್ತದ,
ಅಷ್ಟ ನನಗ ಸಾಧ್ಯ ಇರೂದು."

ಆಗ ನನ್ನ ಅವ್ವನ ಈಳಗಿ ನೆನಪಾತು.
ನೆಲಾ ಹಿಡದು ಕುಂತ ಕಬ್ಬಿಣ.
ಬದನಿಕಾಯಿ ಅದರ ಹಂತ್ಯಾಕ ಹೋಗಬೇಕು,
ಅದು ಎದ್ದು ಯಾರ ಹಂತ್ಯಾಕೂ ಹೋಗ್ತಿದ್ದಿಲ್ಲ.
ಅಪ್ಪ ಕುಡದು ಬಂದ ರಾತ್ರಿ
ಅವ್ವ ಅದರ ಮಣಿ ಮ್ಯಾಲ ಕಾಲೂರಿ ಕುಂದರ್ತಿದ್ಳು,
ಹೆಚ್ಚಾಕ ಏನೂ ಇಲ್ಲದಿದ್ರೂ,
ದೀಪ ಆರೂತನಕ.
ಯಾಕಂತ ಇವತ್ತಿನವರೆಗೂ ನಾ ವಿಚಾರ ಮಾಡಿದ್ದಿಲ್ಲ.

ಉಳಿ ಇಟ್ಟು ಹೊಡದೆ. ಟಕ್.
ಆಮ್ಯಾಲ ಕಲ್ಲಿಗೆ ಕೊಟ್ಟು ದುಂಡು ತಿರುವಿದೆ.
ಕಿಡಿ ಹಾರಿ ನನ್ನ ಮುಂಗೈ ರೋಮ ಸುಟ್ಟು ವಾಸನಿ ಬಂತು.
ಹನ್ನೊಂದನೇದರ ತುದಿ ಮೊದಲೇ ಬಾಗಿತ್ತು.
ಯಾರ ಮನೀದಂತ ನಾ ಕೇಳಲಿಲ್ಲ,
ಆಕಿನೂ ಹೇಳಲಿಲ್ಲ, ಗ್ವಾಡಿ ಕಡೆ ನೋಡಿದ್ಳು.
ಒಂದಕ್ಕ ಇಪ್ಪತ್ತರಂಗ ಮುನ್ನೂರಾ ನಲವತ್ತು.
ಮುನ್ನೂರು ತಗೊಂಡೆ.

ಸಂಜಿಕ ನಮ್ಮ ಮನಿ ಚಾಕುವಿಗೂ ಅದನ್ನ ಮಾಡಿದೆ.
"ಬಟಾಟಿ ಕಣ್ಣು ಯಾವುದರ್ಲೆ ತಗೀಲಿ, ನಿನ್ನ ಉಗರಿಲೇನು?"
ಅಂತ ರಶೀದಾ ಎಗರ್ಯಾಡಿ
ಚಮಚದ ಹಿಡಕಿಲೆ ತಗದ್ಳು.
ಪಲ್ಯಾ ಪಲ್ಯಾದಂಗ ಆತು.

ಮುರದ ತುದಿ ಹದಿನೆಂಟು, ತಂಬಾಕದ ಡಬ್ಬಿಯೊಳಗ.
ಕಸಕ್ಕ ಹಾಕೂಹಂಗಿಲ್ಲ,
ಬರಿಗೈಲೆ ಕಸಾ ಆರಸೂ ಹೆಣ್ಮಕ್ಕಳಿದ್ದಾರ.
ರವಿವಾರ ಭಂಗಾರದ ಅಂಗಡಿಗೆ ಒಯ್ದೆ.
ತಕ್ಕಡಿ ಮುಳ್ಳು ಅಳ್ಳಾಡಲಿಲ್ಲ.
"ಇದಕ್ಕೇನು ಕೊಡೂದು ಚಾಚಾ?" ಅಂದ ಹುಡುಗ.
ಅವನ ಬಾಜೂಕ, ತಾಡಪತ್ರಿ ಮ್ಯಾಲ,
ಕೆಂಪು ಹಸಿರು ಹಿಡಕಿ ಹೊಸಾ ಚಾಕು ಗುಂಪಿ,
ಎಲ್ಲಾದಕ್ಕೂ ಮೂಗು.

ಡಬ್ಬಿ ಕಿಸೆಯಾಗ ಇಟ್ಕೊಂಡು ತಿರುಗಿ ಬಂದೆ.
ಈಗ ಪೆಡಲ್ ತುಳದಾಗೊಮ್ಮೆ
ಗಿಲಿಗಿಲಿ ಅಂತದ.