ಶೀಟು

ಕೋಟೆ ಬೀದಿಯ ಆ ತೊಟ್ಟಿಗೆ
ಶೀಟು ಹೊದಿಸಿದವನು ನಾನೇ.
ಹನ್ನೆರಡಕ್ಕೆ ಹತ್ತು, ಕಬ್ಬಿಣದ ಪೈಪು, ಹಸಿರು ಫೈಬರು,
ಎರಡು ದಿನದ ಕೆಲಸ, ದುಡ್ಡು ಕೈಮೇಲೆ.
ಕೋತಿ ಇಳಿದು ಹಪ್ಪಳ ಒಯ್ಯುತ್ತವೆ
ಅಂದಿದ್ದರು ಸರ್ವಮಂಗಳಮ್ಮ.
ಕೋತಿ ಬರುವುದು ನಿಂತಿತು.
ಹಪ್ಪಳವೂ ನಿಂತಿತು. ಹಸಿರು ಬೆಳಕಿನಡಿ
ಒಣಗದೆ ಬೆವತವಂತೆ.

ಏಪ್ರಿಲ್ ಎರಡನೇ ವಾರ ಫೋನು.
"ಮುನೀರಾ, ಮನೆ ಮುಚ್ಚಿಟ್ಟ ಪಾತ್ರೆ ಆಗಿದೆ ಮಾರಾಯ,
ಒಳಗೆ ನಾವು ಅಕ್ಕಿ."

ಹೋದರೆ, ಪಾಲಿಟೆಕ್ನಿಕ್ ಓದುವ ಮೊಮ್ಮಗಳು ಇಂಚರ
ಎರಡು ಥರ್ಮಾಮೀಟರು ತೂಗುಬಿಟ್ಟಿದ್ದಳು,
ಒಂದು ಬೀದಿ ಜಗಲಿಗೆ, ಒಂದು ನಡುಮನೆಗೆ.
ಕಂಬದ ಮೇಲೆ ಪೆನ್ಸಿಲ್ಲಿನ ಅಂಕಿ.
ನಿನ್ನೆ ಮೂರು ಗಂಟೆ:
ಬೀದಿ ಮೂವತ್ತೇಳು, ಒಳಗೆ ಮೂವತ್ತೆಂಟೂವರೆ.
"ಬೀದಿಗೆ ಬಂದರೇ ಸುಖ ಅಂತಾಯ್ತು" ಎಂದು
ಅಜ್ಜಿ ಒಬ್ಬರೇ ನಕ್ಕರು.

ಹುಡುಗಿ ನಗಲಿಲ್ಲ. ಪರೀಕ್ಷೆಗೆ ಒಪ್ಪಿಸುವ ಹಾಗೆ ಹೇಳಿದಳು:
ರಾತ್ರಿ ಕಲ್ಲಿನ ಕಾವು ಆಕಾಶಕ್ಕೆ ಹೋಗುತ್ತೆ,
ತಂಪು ಗಾಳಿಗೆ ತೂಕ ಜಾಸ್ತಿ, ತೊಟ್ಟಿಗಿಳಿದು ಕೂರುತ್ತೆ,
ಹೊತ್ತೇರುವ ತನಕ ಕೋಣೆಕೋಣೆಗೂ ಸಾಲ ಕೊಡುತ್ತೆ.
ಬಿಸಿಯದು ಹಗುರ, ಅದಕ್ಕೆ ಮೇಲೇ ದಾರಿ.
ಆ ದಾರಿಗೆ ನೀವು ಬೋಲ್ಟು ಹಾಕಿದ್ದೀರಿ.

"ಸಂಜೆ ಚಪ್ಪಡಿಗೆ ನೀರು ಹೊಯ್ದು
ಒಳಬಾಗಿಲೆಲ್ಲ ತೆರೆದಿಡು ಅಂತಿದ್ದರು ನಮ್ಮತ್ತೆ.
ನಲವತ್ತು ವರ್ಷ ಅದನ್ನ ಮಡಿ ಅಂದುಕೊಂಡೆ"
ಅಂದರು ಸರ್ವಮಂಗಳಮ್ಮ.

ಏಣಿ ಹತ್ತಿದೆ. ಹೆಂಚಿನ ಮೇಲೆ ಎರಡು ಕೋತಿ
ಮೇಸ್ತ್ರಿಗಳ ಹಾಗೆ ಕೂತು ನೋಡಿದವು.
ತುಕ್ಕು ಹಿಡಿದ ಬೋಲ್ಟು, ಗ್ರೈಂಡರಿಗೇ ಬಗ್ಗಿದ್ದು.
ಮೊದಲ ಶೀಟು ಎತ್ತಿದೆ ನೋಡಿ,
ಒಳಗಿದ್ದ ಝಳವೆಲ್ಲ ಒಮ್ಮೆಗೇ ಮುಖಕ್ಕೆ,
ಎರಡು ವರ್ಷ ನುಂಗಿಕೊಂಡಿದ್ದ ಮಾತನ್ನು
ಯಾರೋ ನನಗೇ ಆಡಿದಂತೆ.
ಕೋತಿಗೆ ಜಾಲರಿ ಹೊಡೆದೆ.
ಗಾಳಿಗೆ ಅದು ಲೆಕ್ಕಕ್ಕಿಲ್ಲ.

ಈ ಊರಲ್ಲಿ ನಾನು ಮುಚ್ಚಿದ ತೊಟ್ಟಿ ಹನ್ನೊಂದು.
ಬಿಚ್ಚಿದ್ದು ಒಂದು.
ಕೂಲಿ ಎರಡಕ್ಕೂ ಅಷ್ಟೇ.

ಹಳೇ ಶೀಟು ನನಗೇ ಕೊಟ್ಟರು.
ಟ್ಯಾಂಕ್ ಮೊಹಲ್ಲಾದ ನಮ್ಮ ಗೋಡೆಗೆ ಮೂರು ದಿನದಿಂದ ಒರಗಿದೆ.
ನಮ್ಮದೇನು ತೊಟ್ಟಿಯಲ್ಲ,
ಅಡುಗೆಮನೆ ಹಿಂದೆ ಒಗೆಯುವ ಕಲ್ಲಿನ ಜಾಗ,
ಮೇಲೆ ನೋಡಿದರೆ ಒಂದು ತುಂಡು ಬಾನು.
ಹೊದಿಸಿಬಿಡಿ, ನೆರಳಾಗುತ್ತೆ ಅನ್ನುತ್ತಾಳೆ ನಸೀಮಾ.
ಆರಡಿಗೆ ನಾಲ್ಕು.
ಟೇಪು ಹಿಡಿದು ನಿಂತಿದ್ದೇನೆ,
ಇನ್ನೂ ಗುರುತು ಹಾಕಿಲ್ಲ.