ಎತ್ತರಕ್ಕೆ ಕಾಲಂ ಇಲ್ಲ

ಹತ್ತೊಂಬತ್ತು ವರ್ಷ ಈ ಊರನ್ನು ಅಳೆದಿದ್ದೇನೆ.
ಟೇಪಿನ ಒಂದು ತುದಿ ನಾನು, ಇನ್ನೊಂದು ತುದಿ ಮುಕುಂದಯ್ಯ.
ದುರ್ಗಿಗುಡಿಯ ಯಾವ ಅಂಗಡಿಗೆ ಎಷ್ಟು ಅಡಿ ಮುಂಗಟ್ಟು
ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯೇನು.
ಉದ್ದ, ಅಗಲ, ಮೇಲೆ ಹಂಚೋ ಆರ್‌ಸಿಸಿಯೋ,
ಪಾಲಿಕೆಯ ರಿಜಿಸ್ಟರಿಗೆ ಅಷ್ಟು ಸಾಕು.
ಎತ್ತರಕ್ಕೆ ಕಾಲಂ ಇಲ್ಲ.

ಇದು ಹೊಳೆದದ್ದು ಮೊನ್ನೆ ಮೊನ್ನೆ,
ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರಿನ ಮುಂದೆ,
ಸೋಗಾನೆಯಿಂದ ವಿಮಾನ ಎಬ್ಬಿಸಿ
ಊರಿನ ಮೇಲೆ ಬಂದಾಗ.
ಶಿವಮೊಗ್ಗ ಇರಲಿಲ್ಲ.
ತುಂಗೆ ಇತ್ತು. ಎರಡೂ ದಡಕ್ಕೆ
ಯಾವ ದೇಶದ್ದೋ ಚೂಪು ಮಾಡಿನ ಮನೆಗಳು,
ಹೊಗೆಗೂಡು ಬೇರೆ.
ಒಬ್ಬರೂ ನಮಗೆ ಕಂದಾಯ ಕಟ್ಟಿದವರಲ್ಲ.

ಸರಿ, ನಾನೇ ಕಟ್ಟುತ್ತೇನೆ ಎಂದು ಕೂತೆ.
ಮೊದಲು ಬಸ್‌ಸ್ಟ್ಯಾಂಡ್ ಹಿಂದಿನ ಗಿರಿಜಾ ಲಾಡ್ಜ್:
ಮೂವತ್ತೆರಡು, ಅರವತ್ತು.
ಅಡಿಯನ್ನು ಅದು ಮೀಟರ್ ಅಂದುಕೊಂಡಿತು.
ಬಸ್‌ಸ್ಟ್ಯಾಂಡನ್ನೇ ನುಂಗಿ ನಿಂತಿತು ಲಾಡ್ಜು.
ಭಾಗಿಸಿದೆ. ಫೈಲನ್ನು ಇನ್ನೊಂದು ನಮೂನೆಗೆ ಇಳಿಸಿದೆ.
ಈ ಸಲ ಅಂಗಾತ ಮಲಗಿತ್ತು,
ಬಾಗಿಲು ಆಕಾಶಕ್ಕೆ ತೆರೆದು,
ಸಂತೆ ದಿನ ಅಲ್ಲೇ ತಂಗುವ ಗಿರಾಕಿಯ ಹಾಗೆ.
ಒಂದು ತಂತ್ರಾಂಶಕ್ಕೆ ಮೇಲು ಅನ್ನುವುದು
ಇನ್ನೊಂದಕ್ಕೆ ಮುಂದು ಅಂತೆ.
ತೊಂಬತ್ತು ಡಿಗ್ರಿ ಎಬ್ಬಿಸಿ ನಿಲ್ಲಿಸಿದರೆ
ನೆಲಕ್ಕೂ ಅದಕ್ಕೂ ನಾಲ್ಕಡಿ ಸಂದು.
ನಡುಮನೆಯಿಂದ ತಾರಸಿ ತೂರಿಕೊಂಡು
ಚಳಿದೇಶದ ಒಂದು ಮೊನಚು ಮರ.
ಮರ ಬೇಡವೆಂದು ಸುತ್ತ ಗೆರೆ ಎಳೆದೆ.
ಮರ ಹೋಯಿತು. ಪಕ್ಕದ ರಸ್ತೆಯ ದೀಪಗಳೂ ಹೋದವು.

ಎಲ್ಲ ಒಂದು ಹದಕ್ಕೆ ಬಂದ ಮೇಲೆ ತಿಳಿಯಿತು,
ಹಾರುವವನಿಗೆ ಕಾಣುವುದು ಬರೀ ತಾರಸಿ.
ಹತ್ತೊಂಬತ್ತು ವರ್ಷದಲ್ಲಿ ಒಂದನ್ನೂ ನಾನು ಹತ್ತಿರಲಿಲ್ಲ.

ಭಾನುವಾರ ಹೊರಟೆ.
ಮುಕುಂದಯ್ಯ ರಿಟೈರಾಗಿದ್ದರೂ ಬಂದ.
ಕೋಲು ನೆಟ್ಟು, ನೆರಳು ಅಳೆದು, ಎತ್ತರ ಲೆಕ್ಕ ಹಾಕುವಾಗ
‘ಏನ್ ಸ್ವಾಮಿ, ಇನ್ಮೇಲೆ ಗಾಳಿಗೂ ತೆರಿಗೆಯಾ?’ ಅಂದ.
ಮೇಲೆ ಹೋದೆ, ಫೋನು ಹಿಡಿದು:
ಒಡೆದ ಕಮೋಡಿನಲ್ಲಿ ದಾಸವಾಳ,
ಟ್ಯಾಂಕಿನ ಮುಚ್ಚಳ ಹಾರದಂತೆ ಒರಳುಕಲ್ಲು,
ಒಣಹಾಕಿದ ದಿಂಬಿನ ಚೀಲ ಹದಿನಾಲ್ಕು,
ಮತ್ತೆ, ಮೂರನೇ ಮಹಡಿ.
ರಸ್ತೆಗೆ ಕಾಣದಂತೆ ಹಿಂದೆ ಸರಿಸಿ ಕಟ್ಟಿದ
ನಾಲ್ಕು ಗುಲಾಬಿ ಕೋಣೆ.
ರಿಜಿಸ್ಟರಿನಲ್ಲಿ ಇದು ಎರಡೇ ಮಹಡಿಯ ಕಟ್ಟಡ.
ಕೈಬರಹ ನನ್ನದೇ.

ಬೆನ್ನ ಹಿಂದೆ ವಾರಿಜಾಕ್ಷಮ್ಮ, ಕಾಫಿ ಲೋಟ ಸಮೇತ.
‘ಇದು ಆಟಕ್ಕೆ ತಾನೆ?’
ಆಟಕ್ಕೆ.
‘ಹಾಗಾದ್ರೆ ಎರಡೇ ಹಾಕಿ.’
ಅರ್ಧ ಮೆಟ್ಟಿಲು ಇಳಿದಿದ್ದೆ, ಮೇಲಿಂದ ಕರೆದರು.
‘ಬೇಡ, ಮೂರೂ ಇರಲಿ.
ಬಳೆ ಮಾರಿ ಕಟ್ಟಿಸಿದ್ದು.
ಯಾರಾದ್ರೂ ಒಬ್ರು ನೋಡ್ಲಿ.’

ಆವತ್ತು ಮುಸ್ಸಂಜೆ ಹಾಕಿಕೊಂಡು ಹಾರಿದೆ.
ಮೂರನೇ ಮಹಡಿಯ ಒಂದು ಕಿಟಕಿಗೆ
ಹಳದಿ ಬೆಳಕು ಬಳಿದಿದ್ದೆ.
ಭದ್ರಾವತಿ ಕಡೆ ಹೋಗುತ್ತ ತಿರುಗಿ ನೋಡಿದರೆ
ದೂರವಾದಂತೆ ಒಂದೊಂದೇ ಕಳಚುತ್ತಿತ್ತು:
ಬೋರ್ಡಿನ ಅಕ್ಷರ, ದಾಸವಾಳ, ಟ್ಯಾಂಕು,
ಆಮೇಲೆ ಆ ನಾಲ್ಕು ಕೋಣೆ.
ಸ್ವಲ್ಪ ಹೊತ್ತು ಉಳಿದದ್ದು
ಎರಡು ಮಹಡಿಯ ಬೂದು ಡಬ್ಬಿ,
ಥೇಟು ನಾನು ಬರೆದಿಟ್ಟ ಹಾಗೆ.
ವಿಮಾನ ತಿರುಗಿಸಿದೆ.

ಸೋಮವಾರ ಕಚೇರಿಯಲ್ಲಿ ಆ ಪುಟ ತೆಗೆದು ಕೂತಿದ್ದೇನೆ,
ಪೆನ್ಸಿಲು ಕಿವಿಯ ಮೇಲೆ.
ಮುಕುಂದಯ್ಯನ ಫೋನು.
‘ನಮ್ಮನೆ ಯಾವಾಗ ಇಡ್ತೀರಿ?
ಇನ್ನೂ ತಾರಸಿ ಆಗಿಲ್ಲ ಸ್ವಾಮಿ, ಶೀಟು.
ಶೀಟು ಹಾಕೋಕೆ ಬರುತ್ತಾ ಅದ್ರಲ್ಲಿ?’